ಹಳೆಯ ಸೀರೆಯ ಜೋಲಿ, ಹಸಿರು ಗಾಜಿನ ಚೂರು

ಕಲಬುರಗಿ ಸ್ಟೇಷನ್

ಪರದೇಶಕ್ಕೆ ಹೊರಟವರು ಬೇರೇನು ಮರೆತರೂ ಒಂದು ಹಳೆಯ ನೂಲಿನ ಸೀರೆ ಮರೆಯಬೇಡಿರಿ. ತೊಳೆದು ತೊಳೆದು ಮೆತ್ತಗಾದದ್ದು ಇರಬೇಕು. ಅದು ಹಾಸಿಗೆಯಾಗುತ್ತದೆ, ಹೊದಿಕೆಯಾಗುತ್ತದೆ, ಗಂಟು ಕಟ್ಟಲು ಬರುತ್ತದೆ, ಚಳಿಗೆ ಕಿವಿ ಮುಚ್ಚಲೂ ಬರುತ್ತದೆ. ಅಂಥದೊಂದು ಸೀರೆಯಿಂದಲೇ ನನ್ನ ತಂಗಿಯ ಎಷ್ಟೋ ವರ್ಷದ ಓದು ನೀರುಪಾಲಾಗುವುದರಲ್ಲಿತ್ತು. ಆದರೂ ನಾನು ಈ ಸಲಹೆ ಕೊಡುವುದನ್ನು ಬಿಟ್ಟಿಲ್ಲ. ತಪ್ಪು ಸೀರೆಯದಲ್ಲ, ಅದನ್ನು ಕಟ್ಟಿದ ಜಾಗದ್ದು.

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟವಳು. ಹುಟ್ಟಿದ್ದು ಕಮಲಾಪುರದಲ್ಲಿ. ಅಲ್ಲಿಯ ಕೆಂಪು ಬಾಳೆಹಣ್ಣನ್ನು ಬುಟ್ಟಿಯಲ್ಲಿಟ್ಟುಕೊಂಡು, ಹುಮನಾಬಾದಿನ ಕಡೆ ಹೋಗುವ ಬಸ್ಸುಗಳ ಕಿಟಕಿಗೆ ಎತ್ತಿ ಹಿಡಿದು ಮಾರುತ್ತ ವ್ಯಾಪಾರ ಕಲಿತೆ. ಬಸ್ಸು ಹೊರಡುವುದರೊಳಗೆ ದರ ಮುಗಿಯಬೇಕು. ಅದಕ್ಕಿಂತ ದೊಡ್ಡ ಕಾಲೇಜು ನಾನು ಕಂಡಿಲ್ಲ. ತಂಗಿ ಕಸ್ತೂರಿ ಮಾತ್ರ ನಿಜವಾದ ಕಾಲೇಜು ಕಂಡಳು. ಕೆಮಿಸ್ಟ್ರಿ ಓದಿ, ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ, ಡಾಕ್ಟರೇಟಿಗೂ ಹೆಸರು ಹಚ್ಚಿದ್ದಳು.

ಅವಳ ಕೆಲಸ ಏನೆಂದರೆ, ಬಣ್ಣ ಹಾಕದೆ ಬಣ್ಣ ಬರಿಸುವುದು. ಸಣ್ಣ ಸಣ್ಣ ಪ್ಲಾಸ್ಟಿಕ್ ಗುಂಡುಗಳನ್ನು ಗಾಜಿನ ಮೇಲೆ ಒತ್ತಾಗಿ ಕೂಡಿಸಿ, ಬರೇ ಆ ಕೂಡಿಸುವಿಕೆಯಿಂದಲೇ ಗಾಜು ಹಸಿರು ಹೊಳೆಯುವಂತೆ ಮಾಡುವುದು. ಇಲ್ಲಿ ಎಷ್ಟು ಸಲ ಮಾಡಿದರೂ ಕೈಗೂಡಲಿಲ್ಲ. ಗುಂಡು ತಯಾರಿಸುವಾಗ ಕರೆಂಟು ಹೋಗಿ ತಿರುವುವ ಯಂತ್ರ ನಿಂತರೆ ಒಂದು ಗುಂಡು ದೊಡ್ಡದು, ಒಂದು ಸಣ್ಣದು. ಅದು ಸರಿಹೋದರೆ ಬೇಸಿಗೆಯ ಝಳಕ್ಕೆ ಪದರು ಬೇಗ ಒಣಗಿ, ಎರೆ ಹೊಲದಂತೆ ಬಿರಿಯುತ್ತಿತ್ತು. ಆಗ ಜರ್ಮನಿಯ ಒಂದು ಸಂಸ್ಥೆ ಎರಡು ತಿಂಗಳಿಗೆ ಬಾ ಎಂದು ಕರೆಯಿತು. ಅಲ್ಲಿ ತಂಪಿತ್ತು, ಕರೆಂಟಿತ್ತು, ಬಣ್ಣ ಅಳೆಯುವ ಯಂತ್ರವೂ ಇತ್ತು. ಈ ತುದಿಯಿಂದ ಆ ತುದಿಯವರೆಗೆ ಬಿರುಕಿಲ್ಲದ, ಒಂದೇ ಸಮ ಹಸಿರಿರುವ ಒಂದು ಗಾಜು ಸಿಕ್ಕರೆ ಅವಳ ಡಾಕ್ಟರೇಟು ಮುಗಿದ ಹಾಗೆ. ಸಿಗದಿದ್ದರೆ, ಕಲಿಸುವ ಗುರುಗಳು ರಿಟೈರ್ ಆಗುವವರಿದ್ದರು, ಅಲ್ಲಿಗೇ ನಿಂತ ಹಾಗೆ.

ಕಸ್ತೂರಿ ಮಾತ್ರ ಹೋಗುವುದಿಲ್ಲ ಎಂದು ಕುಳಿತಳು.

"ಕೂಸು ಇನ್ನಾ ಎದಿ ಹಾಲು ಬಿಟ್ಟಿಲ್ಲ ಅಕ್ಕಾ. ಹ್ಯಾಂಗ ಹೋಗ್ಲಿ?"

"ಕೂಸನ್ನೂ ಕರಕೊಂಡು ಹೋಗು."

"ಅಲ್ಲಿ ನಾ ಲ್ಯಾಬಿಗೆ ಹ್ವಾದರ ಯಾರು ಹಿಡೀತಾರ?"

"ಯಾಕ, ನಾ ಏನು ಸತ್ತೀನೇನು?"

ಹೀಗೆ ನಾನು ಜರ್ಮನಿಗೆ ಹೋದೆ. ಪಕ್ಕದ ಅಂಗಡಿಯ ಖಾದರ್‌ಭಾಯಿ, "ಶಾಂತಾಬಾಯಿ, ವಾಪಸ್ ಬರ್ಬೇಕಾದ್ರ ಆ ದೇಶದ್ದೂ ರೇಟ್ ಇಳಿಸಿ ಬರ್ರಿ" ಎಂದು ಹೇಳಿ ಸ್ಟೇಷನ್ನಿನವರೆಗೆ ಬಂದು ಮುಂಬೈ ಗಾಡಿ ಹತ್ತಿಸಿದರು. ಕಸ್ತೂರಿಯ ಗಂಡ ತನ್ನ ಮಗಳು ಪಾರುವಿನ ಹಣೆಗೆ ಮುತ್ತು ಕೊಟ್ಟು, ಗಾಡಿ ಸಾಗಿದರೂ ಕಿಟಕಿಯ ಸರಳು ಬಿಡದೆ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದುಬಂದ.

ಆಕಾಶದಲ್ಲಿ

ವಿಮಾನದಲ್ಲಿ ಎಳೆಗೂಸುಗಳಿಗೆಂದು ಗೋಡೆಗೆ ಸಿಗಿಸುವ ಒಂದು ಪುಟ್ಟ ಪೆಟ್ಟಿಗೆ ಕೊಡುತ್ತಾರೆ. ಕೇಳಿದವರಿಗೆ ಮಾತ್ರ. ಆದ್ದರಿಂದ ಕೇಳಿರಿ, ನಾಚಬೇಡಿರಿ. ಆದರೆ ಪೆಟ್ಟಿಗೆ ಅಲುಗಾಡುವುದಿಲ್ಲ. ಹುಟ್ಟಿದಂದಿನಿಂದ ಜೋಲಿಯಲ್ಲಿ ತೂಗಿಸಿಕೊಂಡೇ ಮಲಗಿದ ಪಾರು ಅದರೊಳಗೆ ಕಣ್ಣು ಬಿಟ್ಟುಕೊಂಡು, ಇದೇನು ವ್ಯವಸ್ಥೆ ಎಂಬಂತೆ ನನ್ನನ್ನು ನೋಡಿದಳು. ಆಮೇಲೆ ಅತ್ತಳು. ಮುಂದಿನ ಸಾಲಿನ ಗೃಹಸ್ಥ ಎರಡು ಸಲ ತಿರುಗಿ ನೋಡಿದ. ಮೂರನೆಯ ಸಲ ತಿರುಗಿದಾಗ ಅವನ ಕೈಗೊಂದು ಶೇಂಗಾ ಉಂಡಿ ಇಟ್ಟೆ. ಮತ್ತೆ ತಿರುಗಲಿಲ್ಲ. ಪೂರ್ತಿ ಹಾದಿ ಪಾರು ನನ್ನ ಚಾಚಿದ ಕಾಲ ಮೇಲೆ ತೂಗುತ್ತ ಮಲಗಿದಳು, ನನ್ನ ಕಾಲು ಮಾತ್ರ ಇಳಿಯುವಾಗ ನನ್ನದಾಗಿ ಉಳಿದಿರಲಿಲ್ಲ.

ರೈನ್ ದಡದ ಹಳೇ ಕಟ್ಟಡ

ಊರು ರೈನ್ ನದಿಯ ದಡದಲ್ಲಿ. ನಮ್ಮ ಭೀಮಾ ನದಿಯಷ್ಟೇ ಅಗಲ ಅನ್ನಿಸಿತು, ಆದರೆ ಇದರಲ್ಲಿ ಬೇಸಿಗೆ ಮಳೆಗಾಲ ಎನ್ನದೆ ನೀರಿರುತ್ತದಂತೆ, ಸರಕಿನ ಹಡಗುಗಳು ಹೋಗುತ್ತವೆ. ನಮಗೆ ಕೊಟ್ಟ ಕೋಣೆ ಸಂಸ್ಥೆಯ ಹಳೇ ಕಟ್ಟಡದ ಮೇಲಿನ ಮಾಳಿಗೆಯಲ್ಲಿತ್ತು. ಕಟ್ಟಡ ನೋಡಿಕೊಳ್ಳುವವಳು ಹೆಲ್ಗಾ ಎಂಬ ಅರವತ್ತರ ಹೆಂಗಸು. ಕೆಳಗೆ ಅವಳ ಕಚೇರಿ, ಅಂಗಳದಾಚೆ ಅವಳ ಮನೆ. ನಾನು ಅವಳನ್ನು ಮೊದಲ ದಿನದಿಂದಲೇ ಹೆಲ್ಗಾಬಾಯಿ ಎಂದೆ. ಅವಳು ನನ್ನನ್ನು ಫ್ರಾವ್ ಶಾಂತಾ ಎಂದಳು. ಫ್ರಾವ್ ಎಂಬುದು ಅವರ 'ಬಾಯಿ'. ಅವರದೊಂದು, ನಮ್ಮದೊಂದು, ಅಲ್ಲಿಗೆ ಸಮ.

ಹೆಲ್ಗಾಬಾಯಿಗೆ ಗದ್ದಲ ಆಗದು. ಭಾನುವಾರ ಬಟ್ಟೆ ಒಗೆಯುವ ಯಂತ್ರವನ್ನೂ ಹಚ್ಚಬಾರದೆಂದು ಕೈಸನ್ನೆಯಲ್ಲಿ ತಿಳಿಸಿದಳು. ಆ ಊರಿನ ಮಂದಿಯೇ ಹಾಗೆ. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲದಿದ್ದರೂ ಕೆಂಪು ದೀಪ ಹಸಿರಾಗುವವರೆಗೆ ನಿಲ್ಲುತ್ತಾರೆ. ಮೊದಲ ವಾರ ನಾನೊಬ್ಬಳೇ ದಾಟಿ, ಆಚೆ ದಡದಲ್ಲಿ ನಿಂತು, ಈಚೆ ನಿಂತ ಅಷ್ಟು ಜನರ ಮುಖ ನೋಡಿದೆ. ಎರಡನೆಯ ವಾರ ನಾನೂ ನಿಂತೆ. ನಿಂತರೆ ಸುಖವಿದೆ, ಕೂಸಿನ ಕುಲಾಯಿ ಸರಿಮಾಡಲು ಹೊತ್ತು ಸಿಗುತ್ತದೆ.

ಕೋಣೆಯಲ್ಲಿ ಪಾರುವಿಗೆ ಕಟ್ಟಿಗೆಯ ಮಂಚ ಇಟ್ಟಿದ್ದರು. ಚೆಂದದ್ದೇ. ಆದರೆ ಅದೂ ಅಲುಗದು. ನಾನು ಮೇಲೆ ನೋಡಿದೆ. ಜಂತಿ ಇಲ್ಲ, ಕೊಂಡಿ ಇಲ್ಲ. ಒಂದು ದಪ್ಪ ಕಬ್ಬಿಣದ ಪೈಪು ಮಾತ್ರ ಸೂರಿನ ಕೆಳಗೆ ಉದ್ದಕ್ಕೂ ಹೋಗಿ, ಮೂಲೆಯಲ್ಲಿ ನೆಲದೊಳಗೆ ಇಳಿದಿತ್ತು. ಕೋಣೆ ಬೆಚ್ಚಗಿಡಲು ಬಿಸಿನೀರು ಹರಿಯುವ ಪೈಪದು. ಎರಡೂ ಕೈಯಿಂದ ಜೋತಾಡಿ ನೋಡಿದೆ. ಹೆಣ್ಣಾಳು ಜೋತರೂ ಮಿಸುಕಲಿಲ್ಲ. ಟಾವೆಲ್ ಸುತ್ತಿ, ಮೇಲೆ ನನ್ನ ಹಳೇ ಸೀರೆ ಹಾಕಿ ಗಂಟು ಬಿಗಿದೆ. ಪಾರು ಜೋಲಿಯೊಳಗೆ ಬಿದ್ದವಳೇ ನಿದ್ದೆ ಹೋದಳು. ಆ ಬೆಚ್ಚನೆಯ ಪೈಪಿನ ಕೆಳಗೆ ನಮ್ಮೂರಿಗಿಂತ ಗಾಢ ನಿದ್ದೆ. ರಾತ್ರಿ ತಾಯಿಯ ಮಗ್ಗುಲು, ಹಗಲು ಜೋಲಿ ಎಂದು ಠರಾವಾಯಿತು.

ಹಾಲಿನಂಥ ನೀರು

ಕಸ್ತೂರಿಗೆ ಕೊಟ್ಟ ಒಣಗಿಸುವ ಕಪಾಟು ನಮ್ಮದೇ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಉಳಿದ ಹುಡುಗ ಹುಡುಗಿಯರ ಕಪಾಟುಗಳು ಹೊಸ ಕಟ್ಟಡದಲ್ಲಿ. ಹಳೇ ನೆಲಮಾಳಿಗೆ ಎಲ್ಲಕ್ಕಿಂತ ನಿಶ್ಶಬ್ದ ಎಂದು ಪ್ರೊಫೆಸರ್ ಸಾಹೇಬರೇ ಪ್ರೀತಿಯಿಂದ ಅದನ್ನು ಬಿಟ್ಟುಕೊಟ್ಟಿದ್ದರು. ಒಂದು ದಿನ ನನ್ನನ್ನೂ ಕರೆದೊಯ್ದಳು. ಕಪಾಟಿನೊಳಗೆ ಗಾಜಿನ ಲೋಟದಲ್ಲಿ ಬಿಳಿ ನೀರು, ಅದರಲ್ಲಿ ನಿಲ್ಲಿಸಿದ ಒಂದು ಗಾಜಿನ ಪಟ್ಟಿ.

"ಹಾಲಿನಾಗ ಯಾಕ ಅದ್ದೀದಿ?"

"ಹಾಲಲ್ಲ ಅಕ್ಕಾ, ಪ್ಲಾಸ್ಟಿಕ್ ಗುಂಡು. ನೀರಾಗ ತೇಲಾಕತ್ಯಾವ."

"ನನ್ನ ಕಣ್ಣಿಗೆ ಕಾಣವಲ್ಲವು."

"ಯಾರ ಕಣ್ಣಿಗೂ ಕಾಣಲ್ಲ. ಒಂದು ಕೂದಲಿನ ಅಗಲದಾಗ ನೂರಾರು ಕೂಡ್ತಾವ."

ಆ ಗುಂಡುಗಳನ್ನು ಅವಳೇ ಮಾಡಿದ್ದಳು. ಮೂಗಿಗೆ ಅಡರುವ ಎಣ್ಣೆಯಂಥದೊಂದು ದ್ರವವನ್ನು ಬಿಸಿನೀರಿಗೆ ಹಾಕಿ, ಗಾಳಿ ತಾಗದಂತೆ ಮುಚ್ಚಿ, ಒಂದೇ ವೇಗದಲ್ಲಿ ದಿನವಿಡೀ ತಿರುವಬೇಕು. ಆಗ ನೀರೊಳಗೆ ಗುಂಡುಗಳು ಹುಟ್ಟಿ ಎಲ್ಲವೂ ಒಟ್ಟಿಗೇ ಬೆಳೆದು ಒಟ್ಟಿಗೇ ನಿಲ್ಲುತ್ತವೆ. ಎಲ್ಲ ಒಂದೇ ಅಳತೆ. ಬಳೆಯವಳಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ. ಒಂದು ಡಜನ್ನಿನಲ್ಲಿ ಒಂದು ಬಳೆ ಎಳೆಯಷ್ಟು ದೊಡ್ಡದಾದರೂ ಕೈ ಮೇಲೆ ಸಾಲು ಕೆಡುತ್ತದೆ.

ಮುಂದಿನದು ಇನ್ನೂ ಸೋಜಿಗ. ನೀರು ನಿಧಾನ ಒಣಗುತ್ತ ಮಟ್ಟ ಇಳಿಯುತ್ತದೆ. ಇಳಿಯುವ ನೀರಿನ ಅಂಚಿನಲ್ಲಿ ಗುಂಡುಗಳು ಬಂದು ಗಾಜಿಗೆ ಅಂಟಿಕೊಂಡು ಸಾಲು ಸಾಲಾಗಿ, ಪದರಿನ ಮೇಲೆ ಪದರಾಗಿ ಕೂಡುತ್ತವೆ.

"ಯಾರು ಕೂಡಿಸ್ತಾರ?"

"ಯಾರೂ ಇಲ್ಲ. ತಾವೇ ಕೂಡ್ತಾವ."

"ಸುಳ್ಳ ಹೇಳಬ್ಯಾಡ. ನಮ್ಮ ಬಸ್‌ಸ್ಟ್ಯಾಂಡಿನಾಗ ಹತ್ತು ಮಂದಿ ತಾವೇ ಸಾಲ ಹಚ್ಚಿದ್ದು ನಾ ನೋಡಿಲ್ಲ."

"ಅವರು ಒಂದೇ ಅಳತಿ ಇಲ್ಲಲ್ಲ, ಅದಕ್ಕ. ಮತ್ತ ಅವರಿಗೆ ಅವಸರ ಇರ್ತದ. ಇವಕ್ಕ ಅವಸರ ಮಾಡಿದರ ಇವೂ ಕೆಡ್ತಾವ."

ಸಾಲು ಸರಿಯಾಗಿದ್ದರೆ ಒಳಗೆ ಹೊಕ್ಕ ಬೆಳಕು ಪದರು ಪದರಿಗೂ ತಾಗಿ ತಿರುಗುತ್ತದೆ. ಪದರಿನ ಅಂತರಕ್ಕೆ ಹೊಂದುವ ಬಣ್ಣವೊಂದೇ ಜೋರಾಗಿ ಹೊರಗೆ ಬರುತ್ತದೆ. ಗುಂಡು ದೊಡ್ಡದಾದರೆ ಕೆಂಪು, ಸಣ್ಣದಾದರೆ ನೀಲಿ, ನಡುವಿನದು ಹಸಿರು. ಅದಕ್ಕೆ ಅವರು ಫೋಟಾನಿಕ್ ಕ್ರಿಸ್ಟಲ್ ಎನ್ನುತ್ತಾರೆ. ನನ್ನನ್ನು ಕೇಳಿದವರಿಗೆ ನಾನು ಬೆಳಕಿನ ಜರಡಿ ಎನ್ನುತ್ತೇನೆ. ನವಿಲುಗರಿಯ ಹೊಳಪೂ ಇದೇ ಜಾತಿಯದಂತೆ.

"ಬಳಿಗೆ ಹಚ್ಚಿದರ ಬಣ್ಣ ಹೋಗ್ತದೇನು?"

"ಬಣ್ಣ ಹಾಕಿದ್ದರಲ್ಲ ಹೋಗೋದು?"

"ಮತ್ತ ತಿಕ್ಕಿ ತೊಳದರ?"

"ಪದರೇ ಹೋಗ್ತದ."

"ಹಂಗಾದರ ನನ್ನ ಅಂಗಡಿಗೆ ಬ್ಯಾಡ, ನಿನ್ನ ಡಾಕ್ಟರೇಟಿಗೇ ಇರಲಿ."

ಗೆರೆಗಳು

ಮೊದಲ ಗಾಜು ಹೊರಬಂದಾಗ ಕಸ್ತೂರಿ ಅದನ್ನು ಕಿಟಕಿಗೆ ಹಿಡಿದಳು. ಹಸಿರು ಬಂದಿತ್ತು. ಬಿರುಕೂ ಇರಲಿಲ್ಲ. ಆದರೆ ಅಡ್ಡಡ್ಡ ಮಾಸಲು ಗೆರೆಗಳು, ಅಗ್ಗದ ಸೀರೆಯ ಪಟ್ಟಿಯಂತೆ. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಹೊಸ ಕಟ್ಟಡದವರ ಗಾಜುಗಳು ಮಾತ್ರ ನೀಟಾಗಿ ಬರುತ್ತಿದ್ದವು.

ಪ್ರೊಫೆಸರ್ ಸಾಹೇಬರು ಉದ್ದ ಕತ್ತಿನ ಶಾಂತ ಮನುಷ್ಯ. ಬಂದು ನೋಡಿ, ಎಲ್ಲೋ ಅದುರುತ್ತಿದೆ, ನೀರಿನ ಅಂಚು ತಡೆದು ತಡೆದು ಇಳಿದಿದೆ ಎಂದರಂತೆ. ಗಾಜಿನ ಮೇಲಿನ ತುದಿ ಮೊದಲು ಒಣಗಿದ್ದು, ಕೆಳಗಿನದು ಕೊನೆಗೆ. ಆದ್ದರಿಂದ ಗಾಜನ್ನು ಮೇಲಿಂದ ಕೆಳಗೆ ಓದಿದರೆ ಯಾವಾಗ ಏನಾಯಿತೆಂದು ತಿಳಿಯುತ್ತದೆ. ಕಸ್ತೂರಿ ಓದಿದಳು. ರಾತ್ರಿಯ ಭಾಗ ಸ್ವಚ್ಛ. ಹಗಲಿನ ಭಾಗದಲ್ಲಿ ಗೆರೆ. ಹಗಲು ಏನು ನಡೆಯುತ್ತದೆ? ಲ್ಯಾಬಿನ ಯಂತ್ರಗಳು, ರಸ್ತೆಯ ಟ್ರಾಮು. ಕಪಾಟಿನ ಕಾಲಿಗೆ ರಬ್ಬರ್ ಕೊಟ್ಟರು. ನೆಲಮಾಳಿಗೆಗೆ ಯಾರೂ ಇಳಿಯಬಾರದೆಂದು ಚೀಟಿ ಅಂಟಿಸಿದರು. ಗೆರೆ ಹೋಗಲಿಲ್ಲ. ಎಲ್ಲ ಯಂತ್ರ ಮುಚ್ಚಿದ ಭಾನುವಾರವೂ ಗೆರೆ ಬಂತು.

ಒಂದು ದಿನ ಊಟದ ಮುಂದೆ ಕುಳಿತು ರೊಟ್ಟಿ ಮುರಿಯದೆ, "ನನ್ನ ಕೈಗುಣಾನೇ ಸರಿ ಇಲ್ಲ ಅಕ್ಕಾ" ಎಂದಳು.

"ಕೈಗುಣ ಅಂತ ಬಳಿ ಹಾಕೋರು ಅನ್ನಬೇಕು. ನೀ ಸೈನ್ಸ್ ಓದ್ದಾಕಿ. ರೊಟ್ಟಿ ತಿನ್ನು."

ತಿಂದಳು, ಆದರೆ ನನಗೂ ಒಳಗೊಳಗೆ ಭಯ ಹತ್ತಿತು. ಎರಡು ತಿಂಗಳು ಮುಗಿಯುತ್ತ ಬಂದಿತ್ತು. ಅವಳ ನಂತರ ಆ ಕಪಾಟು ಬೇರೆ ದೇಶದಿಂದ ಬರುವ ಇನ್ನೊಬ್ಬನಿಗೆ ಎಂದು ಆಗಲೇ ಬರೆದಿಟ್ಟಿದ್ದರು.

ಭಾನುವಾರದ ಸಂತೆ

ಕೊರಗುವವರನ್ನು ಮನೆಯಲ್ಲಿ ಕೂಡಿಸಬಾರದು, ಸಂತೆಗೆ ಕರೆದೊಯ್ಯಬೇಕು. ಶನಿವಾರ ಹೊಸ ಗಾಜು ಕಪಾಟಿನಲ್ಲಿಟ್ಟು ಅವಳು ಸುಮ್ಮನೆ ಕುಳಿತಿದ್ದಳು. ಮರುದಿನ ಮುಂಜಾನೆಯೇ ಎಬ್ಬಿಸಿ, ಹೆಲ್ಗಾಬಾಯಿಯ ಬಳಿ ಹಳೇ ಕೈಗಾಡಿ ಇಸಿದುಕೊಂಡು, ಅದರಲ್ಲಿ ಪಾರುವನ್ನು ಕೂಡಿಸಿ, ನದಿಯ ದಡದ ಹಳೇ ಸಾಮಾನಿನ ಸಂತೆಗೆ ಹೋದೆವು. ಕಲ್ಲುಹಾಸಿನ ರಸ್ತೆಯಲ್ಲಿ ಗಾಡಿ ಕುಲುಕುವುದಕ್ಕೆ ಪಾರು ನಿದ್ದೆ ಹೋದಳು.

ಈ ದೇಶದಲ್ಲಿ ಚೌಕಾಸಿ ಇಲ್ಲ ಎಂದು ನನಗೆ ಎಲ್ಲರೂ ಹೇಳಿದ್ದರು. ಅಂಗಡಿಗಳಲ್ಲಿ ಇಲ್ಲ ನಿಜ. ಸಂತೆಯಲ್ಲಿ ಉಂಟು. ಒಬ್ಬ ಮುದುಕನ ಹತ್ತಿರ ಹಳೆಯ ಗಾಜಿನ ಮಣಿಸರ ಕಂಡಿತು. ಅವನು ಬೆರಳೆತ್ತಿ ದರ ಹೇಳಿದ, ನಾನು ಅರ್ಧ ಬೆರಳು ಮಡಚಿದೆ. ಅವನು ಆಗದೆಂದು ತಲೆಯಾಡಿಸಿದ. ನಾನು ಸರ ಕೆಳಗಿಟ್ಟು, ಬೆನ್ನು ತಿರುಗಿಸಿ, ನಿಧಾನ ನಡೆದೆ. ಮಾತು ಬರದ ದೇಶದಲ್ಲೂ ಹೊರಟುಹೋಗುವ ಬೆನ್ನು ಮಾತಾಡುತ್ತದೆ. ನಾಲ್ಕು ಹೆಜ್ಜೆಗೆ ಹಿಂದಿನಿಂದ ಕೂಗು ಬಂತು.

"ಅಕ್ಕಾ, ಮುದುಕ ಪಾಪ" ಎಂದಳು ಕಸ್ತೂರಿ.

"ಪಾಪ ಏನು? ಅವ ನಗ್ಲಾಕತ್ಯಾನ ನೋಡು. ಭಾಳ ದಿನಕ್ಕ ಒಬ್ಬಾಕಿ ಸಿಕ್ಕಾಳ ಅಂತ."

ಅವಳೂ ನಕ್ಕಳು. ಕತ್ತಲಾಗುವ ಮುಂಚೆ ಮನೆಗೆ ಬಂದೆವು. ಸೋಮವಾರ ಪಾರು ಎಂದಿನಂತೆ ಜೋಲಿಯಲ್ಲಿ ಮಲಗಿದಳು. ಮಂಗಳವಾರ ಕಸ್ತೂರಿ ಗಾಜು ತೆಗೆದು ಮೇಲೋಡಿ ಬಂದಳು. ಮೇಲೆ ಗೆರೆ, ಕೆಳಗೆ ಗೆರೆ, ನಡುವೆ ಮಾತ್ರ ಭಾನುವಾರ ಹಗಲಿನ ಜಾಗ ಪಚ್ಚೆ ಬಳೆಯಂತೆ ಥಳಥಳ.

"ಅವತ್ತು ಟ್ರಾಮ್ ಓಡ್ಯಾವ. ಹಂಗಂದರ ಟ್ರಾಮ್ ಅಲ್ಲ. ಹಿಂದಿನ ಐತವಾರ ಯಂತ್ರ ಬಂದ್ ಇದ್ವು, ಆದರೂ ಗೆರಿ ಬಂದಾವ. ಹಂಗಂದರ ಯಂತ್ರ ಅಲ್ಲ. ಈ ಐತವಾರ ಏನು ಬ್ಯಾರೆ ಇತ್ತು ಅಕ್ಕಾ?"

"ನಾವು ಮನ್ಯಾಗ ಇರಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾವೇನು ನೆಲ ಕುಟ್ಟುತ್ತೇವೆಯೇ? ಆದರೂ ಅಂದಿನಿಂದ ಬರಿಗಾಲಲ್ಲಿ ಬೆಕ್ಕಿನ ಹೆಜ್ಜೆ ಇಟ್ಟೆವು. ಪಾತ್ರೆ ಸದ್ದಿಲ್ಲ, ಕುರ್ಚಿ ಎಳೆಯುವುದಿಲ್ಲ. ಪಾರು ಅತ್ತು ಕಾಲು ಬಡಿದಾಳೆಂದು ಅವಳನ್ನು ಜೋಲಿಯಲ್ಲಿ ಇಮ್ಮಡಿ ಹೊತ್ತು ತೂಗಿದೆ. ಮುಂದಿನ ಗಾಜಿನಲ್ಲಿ ಗೆರೆಗಳು ಹಿಂದೆಂದೂ ಇಲ್ಲದಷ್ಟು ಒತ್ತಾಗಿದ್ದವು.

ಪೈಪಿನವನು ಬಂದ ದಿನ

ಹೊರಡುವ ದಿನ ಹತ್ತಿರಾದಾಗ ಹೆಲ್ಗಾಬಾಯಿ ಬಾಗಿಲು ಬಡಿದಳು. ಹಿಂದೆ ಪೈಪು ರಿಪೇರಿಯವನು, ಕೈಯಲ್ಲಿ ನಟ್ಟು ತಿರುವುವ ಪಾನಾ. ಅವಳ ಕಚೇರಿಯಲ್ಲಿ ಹಾದುಹೋಗುವ ಬಿಸಿನೀರಿನ ಪೈಪು ಹಗಲೆಲ್ಲ ಕಿರ್, ಕಿರ್ ಎನ್ನುತ್ತಿದೆಯಂತೆ. ನಾವು ಬಂದ ವಾರದಿಂದಲೇ ಶುರುವಂತೆ. ಕೆಳಗೆಲ್ಲ ನೋಡಿ ಮುಗಿಸಿ, ಕೊನೆಗೆ ಮೇಲಿನ ಕೋಣೆ ನೋಡಲು ಬಂದಿದ್ದರು. ಊಟಕ್ಕೆ ಬಂದ ಕಸ್ತೂರಿ ಅವರ ಮಾತನ್ನು ನನಗೆ ಹೇಳುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ಜೋಲಿ ತೂಗುತ್ತಿದ್ದೆ.

ರಿಪೇರಿಯವನು ಪೈಪು ನೋಡಿದ. ಪೈಪಿನಿಂದ ಇಳಿದ ಸೀರೆ ನೋಡಿದ. ಸೀರೆಯ ಸಂದಿನಿಂದ ಹೊರಗೆ ಚಾಚಿದ ಒಂದು ಪುಟ್ಟ ಪಾದ ನೋಡಿದ. ಪಾನಾ ಕೆಳಗಿಟ್ಟು, ಟೊಪ್ಪಿಗೆ ತೆಗೆದ. ಹೆಲ್ಗಾಬಾಯಿ ಎರಡೂ ಕೈ ಗಲ್ಲಕ್ಕಿಟ್ಟುಕೊಂಡು, ಬಗ್ಗಿ ಜೋಲಿಯೊಳಗೆ ಇಣುಕಿದಳು. ನಾನು ಇನ್ನೊಮ್ಮೆ ತೂಗಿದೆ. ಬಾಗಿಲು ತೆರೆದಿದ್ದರಿಂದ ಈಗ ಕೆಳಗಿನ ಕಚೇರಿಯಿಂದ ಸ್ಪಷ್ಟ ಕೇಳಿಸಿತು: ಕಿರ್, ಕಿರ್.

ಕಸ್ತೂರಿ ಜೋಲಿಯನ್ನಲ್ಲ, ಮೂಲೆಯನ್ನು ನೋಡುತ್ತಿದ್ದಳು, ಪೈಪು ನೆಲದೊಳಗೆ ಇಳಿಯುವ ಜಾಗವನ್ನು.

"ಅಕ್ಕಾ, ತೂಗಬ್ಯಾಡ. ಈ ಪೈಪ ಎಲ್ಲಿಗೆ ಹೋಗ್ತದ?"

"ನನಗೇನು ಗೊತ್ತು, ಕೆಳಗ ಹೋಗ್ತದ."

"ಕೆಳಗಂದರ ಎಲ್ಲಿ? ನನ್ನ ಕಪಾಟು ಬೆಚ್ಚಗಾಗೋದು ಯಾವ ಪೈಪಿನಿಂದ?"

ರಿಪೇರಿಯವನನ್ನೇ ಮುಂದೆ ಮಾಡಿಕೊಂಡು ಕೆಳಗೆ ಓಡಿದಳು. ಅದೇ ಪೈಪು ಹೆಲ್ಗಾಬಾಯಿಯ ಕಚೇರಿ ದಾಟಿ, ನೆಲಮಾಳಿಗೆಗೆ ಇಳಿದು, ಕಪಾಟಿನ ಬೆನ್ನಿಗೆ ಅಂಟಿಕೊಂಡು ಹೋಗಿತ್ತು. ಲೋಟ ಇಟ್ಟ ಹಲಗೆಗೆ ಆಧಾರವೇ ಆ ಪೈಪಿನ ಕೊಂಡಿ. ಕಾಲಿಗೆ ಎಷ್ಟು ರಬ್ಬರ್ ಕೊಟ್ಟರೇನು? ಮೇಲೆ ನಾನು ತೂಗಿದಷ್ಟೂ ಸಲ ಕೆಳಗೆ ಹಲಗೆ ನಡುಗಿದೆ, ನೀರಿನ ಅಂಚು ತಡೆದಿದೆ, ಗುಂಡಿನ ಸಾಲು ಮುರಿದಿದೆ. ಯಾವ ಪರದೇಶದ ಪಂಡಿತನಿಗೆ ಇದು ಹೊಳೆಯಬೇಕು? ಕೂಸನ್ನು ಪೈಪಿಗೆ ಕಟ್ಟುವವರು ಅಲ್ಲಿಗೆ ಹಿಂದೆಂದೂ ಬಂದಿರಲಿಲ್ಲ.

ಮೇಲೆ ಬಂದವಳು ನನಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕಣ್ಣೀರು ಹಾಕಿದಳು. "ನನ್ನ ಕೈ ಛಲೋ ಅದ ಅಕ್ಕಾ. ನನ್ನ ಕೈ ಛಲೋ ಅದ."

ಇಲ್ಲ ಅಂದರೆ ಇಲ್ಲ

ಆದರೆ ಅವಧಿ ಮುಗಿದಿತ್ತು. ಇನ್ನೊಂದು ಗಾಜು ಒಣಗಿಸಿ ಅಳೆಯಬೇಕೆಂದರೆ ನಾಲ್ಕು ದಿನ ಹೆಚ್ಚಿಗೆ ಬೇಕು. ಪ್ರೊಫೆಸರ್ ಸಾಹೇಬರನ್ನು ಕೇಳಲು ಹೊರಟ ತಂಗಿಗೆ ನಾನು ವ್ಯಾಪಾರದ ಪಾಠ ಹೇಳಿದೆ.

"ಒಂದು ತಿಂಗಳು ಕೇಳು. ಇಲ್ಲ ಅಂತಾರ. ಹದಿನೈದು ದಿನಕ್ಕ ಬಾ. ಮತ್ತ ಇಲ್ಲ ಅಂತಾರ. ವಾರಕ್ಕ ಬಂದು ನಿಲ್ಲು."

"ಇಲ್ಲಿ ಹಂಗ ಕೇಳಲ್ಲ ಅಕ್ಕಾ."

"ಎಲ್ಲಾ ಕಡಿ ಮಂದಿ ಒಂದೇ. ನಡಿ, ನಾನೂ ಬರ್ತೀನಿ."

ಸಾಹೇಬರು ನಮ್ಮನ್ನು ಕೂಡಿಸಿ ಕಾಫಿ ಕೊಟ್ಟರು. ಕಸ್ತೂರಿ ನನ್ನ ಮಾತಿನಂತೆ ಒಂದು ತಿಂಗಳು ಕೇಳಿದಳು. ಸಾಹೇಬರು ಸ್ವಲ್ಪ ಯೋಚಿಸಿ, ಆಗುವುದಿಲ್ಲ, ಕಪಾಟು ಬೇರೆಯವನಿಗೆ ಕೊಟ್ಟಾಗಿದೆ ಎಂದು ಕಾರಣ ಸಹಿತ ಹೇಳಿ, ಮಾತು ಮುಗಿಯಿತೆಂದು ಕಾಫಿ ಕುಡಿಯತೊಡಗಿದರು. ನಾನು ತಂಗಿಯ ಮೊಣಕೈ ತಿವಿದೆ. ಅವಳು ಮುಂದಿನ ದರಕ್ಕೆ ಇಳಿಯಲಿಲ್ಲ. ಆ ಮನುಷ್ಯನ ಇಲ್ಲ ಎಂಬುದರ ಹಿಂದೆ ಎರಡನೆಯ ದರವೇ ಇಲ್ಲ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬೆನ್ನು ತಿರುಗಿಸಿ ಹೊರಟರೆ, ಕೂಗುವುದಿರಲಿ, ಬಾಗಿಲು ತೆರೆದು ಕಳಿಸಿಕೊಡುವವರು.

ಆಮೇಲೆ ಕಸ್ತೂರಿ ತನ್ನದೇ ರೀತಿಯಲ್ಲಿ ಹೇಳಿದಳು. ಜೋಲಿಯ ಕಥೆ ಪೂರ್ತಿ ಹೇಳಿ, ನನಗೆ ನಾಲ್ಕು ದಿನ ಬೇಕು, ಹೆಚ್ಚೂ ಬೇಡ, ಕಡಿಮೆಯೂ ಸಾಲದು ಎಂದಳು. ಸಾಹೇಬರ ಉದ್ದ ಕತ್ತಿನೊಳಗಿಂದ ಎಲ್ಲಿಂದಲೋ ಒಂದು ನಗು ಬಂತು. ನಾಲ್ಕು ದಿನ ಉಂಟು ಎಂದರು.

ಹೊರಗೆ ಬಂದೆವು. ನಾನೇ ಅಂದೆ. "ನನ್ನ ಅಂಗಡ್ಯಾಗ ಹಿಂಗ ಕೇಳಬ್ಯಾಡ, ಲುಕ್ಸಾನ ಆಗ್ತದ." ಓದುಗರೇ, ಆ ದೇಶದಲ್ಲಿ ಬೇಕಾದಷ್ಟನ್ನೇ ಕೇಳಿರಿ. ಸಂತೆಯ ಮುದುಕನೊಬ್ಬನನ್ನು ಬಿಟ್ಟು.

ಟ್ರಾಮು

ಈಗ ಪಾರುವಿನ ಪ್ರಶ್ನೆ. ಗಾಜು ಒಣಗಿ ಮುಗಿಯುವವರೆಗೆ ಜೋಲಿ ಕಟ್ಟುವಂತಿಲ್ಲ. ಹಗಲು ತೂಗದೆ ಅವಳು ಮಲಗುವುದಿಲ್ಲ. ಮೊದಲ ಮುಂಜಾನೆ ಅವಳನ್ನು ಹೆಗಲಿಗೆ ಹಾಕಿ, ಅದೇ ಹಳೇ ಸೀರೆ ಹೊದಿಸಿ, ಬೈಗುಳ ತಿಂದ ಟ್ರಾಮನ್ನೇ ಹತ್ತಿದೆ. ಅದು ಹಳಿಯ ಮೇಲೆ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತ ಹೊರಟದ್ದೇ ಪಾರುವಿನ ಕತ್ತು ನನ್ನ ಹೆಗಲ ಮೇಲೆ ಭಾರವಾಯಿತು. ನಿಂತಾಗ ಕಣ್ಣು ತೆರೆಯುತ್ತಾಳೆ, ಹೊರಟಾಗ ಮುಚ್ಚುತ್ತಾಳೆ. ಕೊನೆಯ ಸ್ಟಾಪು ಬಂತು. ಇಳಿಯಲಿಲ್ಲ. ಅದರಲ್ಲೇ ತಿರುಗಿ ಬಂದೆ.

ಹಾಗೆ ಆ ಊರಿನ ಈ ತುದಿಯಿಂದ ಆ ತುದಿ ಎಷ್ಟು ಸಲ ನೋಡಿದೆನೋ. ಬೇರೆ ಪ್ರವಾಸಿಗರು ಅರಮನೆ, ಚರ್ಚು ನೋಡುತ್ತಾರೆ. ನಾನು ಒಂದೇ ಬೇಕರಿಯ ಮುಂದೆ ಬೆಳಗಿನ ಸಾಲು, ಮಧ್ಯಾಹ್ನದ ಸಾಲು, ಸಂಜೆಯ ಸಾಲು ನೋಡಿದೆ. ಮಂದಿ ಒಬ್ಬರ ಹಿಂದೊಬ್ಬರು, ನಡುವೆ ಒಂದೇ ಅಂತರ ಬಿ‌ಟ್ಟು, ಯಾರೂ ಹೇಳದೆ ತಾವೇ ನಿಂತಿರುತ್ತಿದ್ದರು. ಕಸ್ತೂರಿಯ ಗುಂಡುಗಳೇ ಸೈ. ಎರಡನೆಯ ದಿನ ಟ್ರಾಮಿನ ಡ್ರೈವರ್ ಹೆಂಗಸು ನನ್ನನ್ನು ಗುರುತಿಸಿ, ತುಟಿಗೆ ಬೆರಳಿಟ್ಟು, ಗಂಟೆ ಬಾರಿಸದೆ ಹೊರಟಳು. ಆ ಊರಿನಲ್ಲಿ ನನಗೆ ಸಿಕ್ಕ ಮರ್ಯಾದೆ ಅಷ್ಟು.

ಸಂಜೆ ಹೆಲ್ಗಾಬಾಯಿ ತನ್ನ ಮನೆಗೆ ಕರೆದಳು. ಅವಳ ಅಜ್ಜಿಯ ಕಾಲದ ತೂಗುಕುರ್ಚಿಯೊಂದಿತ್ತು. ಪಾರುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತು ಅವಳು ತೂಗಿದಳು. ಕುರ್ಚಿ ಕಿರ್, ಕಿರ್ ಎಂದಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಗದ್ದಲ ಆಗದ ಹೆಂಗಸು ಹೊತ್ತು ಮುಳುಗಿದರೂ ಏಳಲಿಲ್ಲ.

ಗಾಜು ಹೊರತೆಗೆದ ದಿನ ಕಸ್ತೂರಿ ಒಬ್ಬಳೇ ಹೋಗಲಾರೆ ಎಂದಳು. ನಾನು, ಪಾರು, ಹೆಲ್ಗಾಬಾಯಿ ಎಲ್ಲ ಇಳಿದೆವು. ಅವಳು ಚಿಮಟಿಗೆಯಿಂದ ಅದನ್ನೆತ್ತಿ ದೀಪಕ್ಕೆ ಹಿಡಿದಳು. ಈ ತುದಿಯಿಂದ ಆ ತುದಿಯವರೆಗೆ ಹಸಿರು. ಸ್ವಲ್ಪ ಓರೆ ಮಾಡಿದರೆ ಹಸಿರು ಜಾರಿ ನೀಲಿ, ನೇರ ಮಾಡಿದರೆ ಮತ್ತೆ ಹಸಿರು. ಮೂವತ್ತು ವರ್ಷ ಗಿರಾಕಿಗಳಿಗೆ ಕೈ ಹೊರಳಿಸಿ ಬೆಳಕಿಗೆ ಹಿಡೀರಿ ಎಂದು ಹೇಳಿದವಳು ನಾನು. ಅಂದು ನಾನೇ ಕತ್ತು ಹೊರಳಿಸಿ ಹೊರಳಿಸಿ ನೋಡಿದೆ. ಯಂತ್ರದಲ್ಲಿ ಅಳೆದರು. ಎಲ್ಲಿ ಇಟ್ಟು ಅಳೆದರೂ ಒಂದೇ ಬಣ್ಣ.

ಹೊರಡುವಾಗ ಹೆಲ್ಗಾಬಾಯಿ ಸೀರೆ ಕೇಳಿದಳು. ಮಗಳಿಗೆ ಕೂಸು ಹುಟ್ಟುವುದಿತ್ತಂತೆ. ಗಂಟು ಹಾಕುವುದನ್ನು ಕಲಿಸಿ ಕೊಟ್ಟು ಬಂದೆ. ಮುಂದೆ ಒಂದು ಫೋಟೋ ಬಂತು. ಅಂಗಳದ ಸೇಬಿನ ಗಿಡಕ್ಕೆ ನನ್ನ ಸೀರೆ ಜೋತಿದೆ, ಒಳಗಿನಿಂದ ಒಂದು ಬಿಳೀ ಪಾದ. ಪೈಪಿಗೆ ಕಟ್ಟಿಲ್ಲ, ಬುದ್ಧಿವಂತೆ.

ಮತ್ತೆ ಕಮಲಾಪುರ

ಕಸ್ತೂರಿ ಈಗ ಡಾಕ್ಟರ್ ಕಸ್ತೂರಿ. ಒಳ್ಳೆಯ ಗಾಜು ಅವಳ ಕಾಲೇಜಿನ ಕಪಾಟಿನಲ್ಲಿದೆ. ಕೆಟ್ಟವುಗಳಲ್ಲಿ ಒಂದನ್ನು, ಗೆರೆ ಅತಿ ಒತ್ತಾಗಿ ಬಂದದ್ದನ್ನು, ನಾನು ಕೇಳಿ ತಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟಿದ್ದೇನೆ. ನೋಡಿದವರು ಇದೇ ಬಣ್ಣದ ಬಳಿ ಕೊಡ್ರಿ ಎನ್ನುತ್ತಾರೆ. ಖಾದರ್‌ಭಾಯಿಯಂತೂ ದಿನಕ್ಕೊಮ್ಮೆ ಅದಕ್ಕೆ ದರ ಕಟ್ಟುತ್ತಾರೆ. ನಾನು ಕೊಟ್ಟಿಲ್ಲ.

ಮೊನ್ನೆ ಕಮಲಾಪುರಕ್ಕೆ ಹೋದಾಗ ಅದು ನನ್ನ ಚೀಲದಲ್ಲೇ ಬಂದಿತ್ತು. ಪಾರು ಈಗ ಶಾಲೆಗೆ ಹೋಗುತ್ತಾಳೆ. ಕಟ್ಟೆಯ ಮೇಲೆ ಕುಳಿತು ಕೆಂಪು ಬಾಳೆಹಣ್ಣು ತಿನ್ನುತ್ತಿದ್ದವಳು ಚೀಲ ಜಾಲಾಡಿ ಗಾಜು ಹೊರತೆಗೆದಳು.

"ದೊಡ್ಡವ್ವ, ಇದರ ಮ್ಯಾಲ ಗೆರಿ ಯಾರು ಹೊಡದಾರ?"

"ನೀನೇ."

"ನಾ ಎಲ್ಲಿ ಹೊಡದೀನಿ? ಯಾವಾಗ?"

"ಮಲಕೊಂಡಾಗ."

ಅವಳು ನನ್ನನ್ನು ನಂಬಲಿಲ್ಲ. ಗಾಜಿನ ಮೇಲೆ ಧೂಳಿದೆಯೆಂದು ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟಳು. ಉಸಿರಿನ ಹಸಿ ಗುಂಡುಗಳ ಸಂದಿಗೆ ಹೊಕ್ಕು ಹಸಿರು ಮಾಯವಾಯಿತು. ಅವಳು ಗಾಬರಿಯಾಗಿ ನನ್ನ ಮುಖ ನೋಡುವಷ್ಟರಲ್ಲಿ ಅಂಚಿನಿಂದ ಒಂದೊಂದೇ ಪಟ್ಟಿಯಾಗಿ ತಿರುಗಿ ಬಂತು, ಅವಳ ಗೆರೆಗಳ ಸಮೇತ.

"ಹಂಗಾದರ ಇದು ನಂದು" ಎಂದಳು.

"ಏನು ಕೊಡ್ತಿ?"

ಕೈಯಲ್ಲಿದ್ದ ಅರ್ಧ ಬಾಳೆಹಣ್ಣು ಮುಂದೆ ಹಿಡಿದಳು. ನಾನು ಸಾಲದೆಂದು ತಲೆಯಾಡಿಸಿದೆ. ಅವಳು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಗಾಜು ಕಟ್ಟೆಯ ಮೇಲಿಟ್ಟು, ಬೆನ್ನು ತಿರುಗಿಸಿ ನಿಧಾನ ಹೊರಟಳು.

ನಾಲ್ಕು ಹೆಜ್ಜೆಗೆ ನಾನೇ ಕೂಗಿದೆ.